ಐವತ್ತು ದಾಟಿದ ಮೇಲೆ ಢೋಲು ಕಟ್ಟಿದವರು

ಆಷಾಢ ಕಳೆಯುತ್ತಿದ್ದಂತೆ ಬರೋಡಾದ ಸಂಜೆಗಳ ಸದ್ದೇ ಬೇರೆಯಾಗುತ್ತದೆ. ಗೋರ್ವಾದ ಬಿ.ಐ.ಡಿ.ಸಿ. ಎಸ್ಟೇಟಿನಲ್ಲಿ ಶಿಫ್ಟ್ ಮುಗಿದು ರಸ್ತೆ ಖಾಲಿಯಾಗುವ ಹೊತ್ತಿಗೆ ಯಾವುದೋ ಬಯಲಿನಿಂದ ಢೋಲಿನ ಪೆಟ್ಟು ಕೇಳಿಸುತ್ತದೆ. ಗಣೇಶೋತ್ಸವದ ಮೆರವಣಿಗೆಗೆ ಢೋಲ್-ತಾಷಾ ಪಥಕಗಳ ತಾಲೀಮು. ಊರಿಗೆ ಹೊಸದಾಗಿ ಬಂದ ಕನ್ನಡಿಗರು ಕೇಳುವುದುಂಟು, ಗುಜರಾತಿನಲ್ಲಿ ನವರಾತ್ರಿಯ ಗರ್ಬಾ ಸರಿ, ಗಣಪತಿಗೆ ಇಷ್ಟು ಗದ್ದಲ ಎಲ್ಲಿಂದ ಬಂತು ಎಂದು. ಇದು ಗಾಯಕವಾಡರ ಊರು. ಹದಿನೆಂಟನೇ ಶತಮಾನದಿಂದ ಮರಾಠಿ ಮನೆತನಗಳು ಇಲ್ಲಿ ಬೇರು ಬಿಟ್ಟಿವೆ. ಅವರ ಗಣಪತಿ ಈಗ ಎಲ್ಲರ ಗಣಪತಿ.

ಪಥಕ ಎಂದರೆ ಕಾಲೇಜು ಹುಡುಗ ಹುಡುಗಿಯರ ಗುಂಪು ಎಂದೇ ಎಲ್ಲರ ಎಣಿಕೆ. ಬಹುಪಾಲು ನಿಜ. ಆದರೆ ನಾನು ಬಾರಿಸುವ ತಂಡದಲ್ಲಿ ಐವತ್ತು ದಾಟಿದವರು ಐದು ಮಂದಿ ಇದ್ದೇವೆ. ನನಗೆ ಐವತ್ತೇಳು, ಇದು ಮೂರನೇ ವರ್ಷ. ಇನ್ನೊಬ್ಬ ಕನ್ನಡಿಗರು ಹಾವೇರಿ ಕಡೆಯವರು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವರು, ಚಿಕ್ಕಂದಿನಲ್ಲಿ ಊರ ಬೀರಪ್ಪನ ಜಾತ್ರೆಗೆ ಡೊಳ್ಳು ಹೊತ್ತವರು. ಇಲ್ಲಿಯ ಹುಡುಗರು ನಮ್ಮನ್ನೆಲ್ಲ 'ಕಾಕಾ' ಎನ್ನುತ್ತಾರೆ. ಮೊದಲ ದಿನ ಅದನ್ನು ಕೇಳಿ ಅವರು, "ಕಾಕಾ ಅಂದ್ರ ನಮ್ಮೂರಾಗ ಇದ್ದಂಗ ಆತು ನೋಡ್ರಿ" ಎಂದು ಹಿಗ್ಗಿದ್ದರು.

ಡೊಳ್ಳು ಗೊತ್ತಿದ್ದವರಿಗೆ ಢೋಲು ಸುಲಭ ಎಂದುಕೊಳ್ಳಬೇಡಿ. ಬಲಗೈಯಲ್ಲಿ ಕೋಲು, ಎಡಗೈ ಬರಿಗೈ ಎನ್ನುವುದು ಎರಡಕ್ಕೂ ಒಂದೇ. ಆದರೆ ಡೊಳ್ಳಿನವನು ಕುಣಿಯುತ್ತಾನೆ. ಬಾಗುತ್ತಾನೆ, ತಿರುಗುತ್ತಾನೆ, ಜಿಗಿಯುತ್ತಾನೆ, ಭಾರ ದೇಹದೊಂದಿಗೇ ತೂಗಾಡುತ್ತದೆ. ಢೋಲನ್ನು ಸೊಂಟಕ್ಕೆ ಬಿಗಿದು ಕಟ್ಟುತ್ತಾರೆ. ಭಾರವೆಲ್ಲ ಮುಂದೆ, ಅದನ್ನು ಹಿಂದಕ್ಕೆ ಎಳೆದು ಹಿಡಿಯುವುದು ಕೆಳಬೆನ್ನಿನ ಕೆಲಸ. ಹಾವೇರಿಯವರಿಗೆ ಗತ್ತು ಕೈಗೆ ಹತ್ತಲು ಎರಡು ದಿನ ಸಾಕಾಯಿತು, ಸುಮ್ಮನೆ ನಿಂತು ಬಾರಿಸುವುದನ್ನು ಕಲಿಯಲು ತಿಂಗಳು ಹಿಡಿಯಿತು. "ಕುಣಿಯಾಕ ಬಿಟ್ರ ಬೇಕಾದಷ್ಟು ಹೊತ್ತು ಬಾರಸ್ತೀನಿ, ನಿಲ್ಲಸಬ್ಯಾಡ್ರಿ" ಎನ್ನುತ್ತಿದ್ದರು.

ಅವರ ಮಾತಿನಲ್ಲಿ ಹುರುಳಿದೆ. ಮೆರವಣಿಗೆ ಎಂದರೆ ನಡೆಯುವುದು ಎಂದು ಹೊರಗಿನವರಿಗೆ ಅನ್ನಿಸುತ್ತದೆ. ವಿಸರ್ಜನೆಯ ದಿನ ನಾವು ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ಮುಂದಿನ ಮಂಡಳದ ಟ್ರ್ಯಾಕ್ಟರ್ ಸರಿಯುವವರೆಗೆ ಒಂದೊಂದು ಚೌಕದಲ್ಲಿ ಅರ್ಧ ಅರ್ಧ ಗಂಟೆ. ನಡೆಯುವಾಗ ಭಾರ ಕಾಲಿನಿಂದ ಕಾಲಿಗೆ ದಾಟುತ್ತದೆ. ನಿಂತಾಗ ಮಂಡಿ ಸೆಟೆಯುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ. ಹಾಗಾಗಿ ನಿಂತಲ್ಲೇ ಲಯಕ್ಕೆ ತಕ್ಕಂತೆ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿರುವುದನ್ನು ನಾವು ಐವರೂ ರೂಢಿಸಿಕೊಂಡಿದ್ದೇವೆ. ಹುಡುಗರು ಅದನ್ನು ಸ್ಟೈಲ್ ಎಂದುಕೊಂಡು ಈಗ ತಾವೂ ಮಾಡುತ್ತಾರೆ. ಇನ್ನು, ಯಾರೂ ಬಾಯಿಬಿಟ್ಟು ಹೇಳದ ಕಷ್ಟವೊಂದಿದೆ: ನಮ್ಮ ವಯಸ್ಸಿನ ಗಂಡಸರಿಗೆ ನಾಲ್ಕು ಗಂಟೆ ಮೂತ್ರಕ್ಕೆ ಹೋಗದೆ ಇರುವುದು ಢೋಲು ಹೊರುವುದಕ್ಕಿಂತ ಕಷ್ಟ. ಅದಕ್ಕೆ ಹೆದರಿ ನೀರು ಕುಡಿಯದೆ ಇದ್ದರೆ ಭಾದ್ರಪದದ ಸೆಕೆಯಲ್ಲಿ ತಲೆಸುತ್ತು ಖಂಡಿತ. ದಾರಿಯಲ್ಲಿ ಎಲ್ಲಿ ಶೌಚಾಲಯವಿದೆ ಎಂದು ಹಿಂದಿನ ದಿನವೇ ನೋಡಿಟ್ಟುಕೊಳ್ಳುವುದು ನಮ್ಮ ತಾಲೀಮಿನ ಭಾಗ.

ಭಾರ ತಾಳದವರಿಗೆ ಪಥಕದಲ್ಲಿ ಬೇರೆ ಜಾಗಗಳಿವೆ. ಧ್ವಜ ಹಿಡಿಯಬಹುದು, ಝಾಂಜ್ ಬಾರಿಸಬಹುದು. ಆದರೆ ಗೌರವದಿಂದ ಪಕ್ಕಕ್ಕೆ ಕೂರಿಸಿದಂತಾಗದ ಜಾಗವೆಂದರೆ ತಾಷಾ. ಕುತ್ತಿಗೆಗೆ ತೂಗುಹಾಕಿಕೊಳ್ಳುವ ಚಿಕ್ಕ ಲೋಹದ ವಾದ್ಯ, ಎರಡು ತೆಳುವಾದ ಕಡ್ಡಿ, ಮಳೆ ಸುರಿದಂತೆ ಪೆಟ್ಟು. ಢೋಲಿನ ಸಾಲಿಗೆ ಯಾವಾಗ ಎತ್ತಬೇಕು, ಯಾವಾಗ ನಿಲ್ಲಿಸಬೇಕು, ವೇಗ ಎಷ್ಟು ಎಂದು ಹೇಳುವುದು ತಾಷಾವೇ. ಭಾರ ಸೊಂಟದಿಂದ ಇಳಿದು ಮಣಿಕಟ್ಟಿಗೆ ಬರುತ್ತದೆ, ಜೊತೆಗೆ ಜವಾಬ್ದಾರಿಯೂ. ಇಪ್ಪತ್ತರ ಹುಡುಗನಿಗೆ ಜನ ಕೂಗಿದಷ್ಟೂ ವೇಗ ಹೆಚ್ಚಿಸುವ ಚಪಲ, ಮೂರನೇ ಚೌಕಕ್ಕೆ ಬರುವಷ್ಟರಲ್ಲಿ ಇಡೀ ಸಾಲಿನ ಕೈ ಸೋತಿರುತ್ತದೆ. ಹಾವೇರಿಯವರು ಹೋದ ವರ್ಷದಿಂದ ತಾಷಾ ಹಿಡಿದಿದ್ದಾರೆ. ಅವರು ಮುಂದಿದ್ದರೆ ಕೊನೆಯ ಚೌಕದಲ್ಲೂ ಅದೇ ನಡೆ.

ಅಮೆರಿಕದ ಡ್ರಮ್ ಕೋರ್ ಲೋಕದಲ್ಲಿ ಇದಕ್ಕೆ ತದ್ವಿರುದ್ಧವಾದ ನಿಯಮವೊಂದಿತ್ತು. ಮೊದಲ ಮಹಾಯುದ್ಧದಿಂದ ಮರಳಿದ ಯೋಧರ ಸಂಘಗಳ ಆಸರೆಯಲ್ಲಿ ಬೆಳೆದ ಈ ಕವಾಯತು ವಾದ್ಯತಂಡಗಳು 1970ರ ದಶಕದಿಂದ ಡಿ.ಸಿ.ಐ. ಎಂಬ ಸಂಸ್ಥೆಯಡಿ ದೊಡ್ಡ ಸ್ಪರ್ಧೆಗಳಿಗೆ ಇಳಿದವು. ಅಲ್ಲಿ ಇಪ್ಪತ್ತೆರಡು ತುಂಬುವ ಹೊತ್ತಿಗೆ ಆಟ ಮುಗಿಯಿತು. ದಾಟಿದವರು ಎಲ್ಲ ವಯಸ್ಸಿನವರ ಬೇರೆ ತಂಡ ಹುಡುಕಿಕೊಳ್ಳಬೇಕು. ಅಂಥ ತಂಡಗಳೂ 1960ರ ದಶಕದಿಂದ ಸ್ಪರ್ಧಿಸುತ್ತ ಬಂದಿವೆ, ಅವುಗಳಲ್ಲಿ ತಲೆ ನರೆತವರು ಹೊಸದಾಗಿ ಸ್ನೇರ್ ಡ್ರಮ್ ಹೊರುವುದೂ ಉಂಟು. ಮೈದಾನದಲ್ಲಿ ಓಡುತ್ತ, ಗೆರೆ ತಪ್ಪದೆ ಬಾರಿಸಬೇಕಾದ ಆಟಕ್ಕೆ ಎಳೆಯ ಕಾಲು ಬೇಕು, ಒಪ್ಪೋಣ.

ಈಗ ನಮ್ಮ ಕಾಸರಗೋಡಿನಿಂದ ತೆಂಕಣಕ್ಕೆ ಇಳಿದು ತ್ರಿಶೂರ್ ಪೂರಂ ನೋಡಿ. ಇಲಂಜಿತ್ತರ ಮೇಳದಲ್ಲಿ ನೂರಾರು ಮಂದಿ ಹೆಗಲಿಗೆ ಚೆಂಡೆ ಹಾಕಿಕೊಂಡು ಎರಡು ಗಂಟೆಗೂ ಹೆಚ್ಚು ಹೊತ್ತು ಬಿಸಿಲಿನ ಹೊತ್ತಲ್ಲಿ ನಿಂತು ನುಡಿಸುತ್ತಾರೆ. ಅದರ ಮುಂದಾಳಾಗಿ 1999ರಿಂದ 2022ರವರೆಗೆ ಇದ್ದವರು 1953ರಲ್ಲಿ ಹುಟ್ಟಿದ ಪೆರುವನಂ ಕುಟ್ಟನ್ ಮಾರಾರ್. ಅವರ ನಂತರ 2023ರಲ್ಲಿ ಮುಂದೆ ನಿಂತ ಕಿಳಕ್ಕೂಟ್ಟು ಅನಿಯನ್ ಮಾರಾರ್ ಅವರಿಗಿಂತಲೂ ಹಿರಿಯರು. ಅಲ್ಲಿ ವಯಸ್ಸು ರಿಯಾಯಿತಿಯಲ್ಲ, ಅರ್ಹತೆ. ವಿಳಂಬದಿಂದ ದ್ರುತಕ್ಕೆ ಮೇಳವನ್ನು ಅವಸರವಿಲ್ಲದೆ ಏರಿಸಲು ಹತ್ತಾರು ವರ್ಷದ ಕೈ ಬೇಕು. ಅವರು ಬಾಲ್ಯದಿಂದ ನುಡಿಸಿದವರು, ನಾವು ಪಿಂಚಣಿಯ ಅಂಚಿನಲ್ಲಿ ಶುರುಮಾಡಿದವರು; ಹೋಲಿಕೆ ಅಲ್ಲಿಗೇ ನಿಲ್ಲಿಸುವುದು ಲೇಸು.

ಎಲ್ಲರೂ ಕೇಳುವುದು ಮಂಡಿ ನೋವಿನ ಬಗ್ಗೆ. ನನ್ನ ಪ್ರಕಾರ ನಿಜವಾದ ಅಪಾಯ ಕಿವಿಯದು. ಮಂಡಿ ನೋವು ಅದೇ ದಿನ ಹೇಳಿಬಿಡುತ್ತದೆ, ಕಿವಿ ಹೇಳುವುದಿಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹೇಳುವ ಲೆಕ್ಕದಲ್ಲಿ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು. ಸದ್ದು 3 ಡೆಸಿಬಲ್ ಏರಿದಂತೆಲ್ಲ ಅವಧಿ ಅರ್ಧವಾಗುತ್ತದೆ. 100ಕ್ಕೆ ಬಂದರೆ ಬರೀ 15 ನಿಮಿಷ. ಢೋಲ್-ತಾಷಾ ಸಾಲಿನ ನಡುವೆ ನಿಂತವರಿಗೆ 100 ದಾಟುವುದು ಮಾಮೂಲು, ನಾವು ಅಲ್ಲಿ ಇರುವುದು ಗಂಟೆಗಟ್ಟಲೆ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಯಸ್ಸಿನಿಂದ ಹೇಗೂ ಕುಗ್ಗುತ್ತಿರುವ ಕಿವಿಗೆ ಇದು ಮೇಲಿನ ಪೆಟ್ಟು.

ನಮ್ಮ ಐವರಲ್ಲಿ ಒಬ್ಬರಿಗೆ, ಬೆಳಗಾವಿ ಮೂಲದ ಮರಾಠಿಯವರು, ಮೊದಲ ವರ್ಷದ ವಿಸರ್ಜನೆಯ ನಂತರ ಕಿವಿಯಲ್ಲಿ ಜೀರುಂಡೆ ಕೂಗುವ ಸದ್ದು ಶುರುವಾಯಿತು. ವಾರ ಕಳೆದರೂ ನಿಲ್ಲಲಿಲ್ಲ. ಪರೀಕ್ಷೆ ಮಾಡಿಸಿದರೆ ಮೇಲಿನ ಸ್ವರಗಳು ಸಾಕಷ್ಟು ಹೋಗಿದ್ದವು. ಮೊಮ್ಮಗಳು ಫೋನಿನಲ್ಲಿ ಮಾತಾಡಿದರೆ ಅರ್ಧ ಮಾತು ತಿಳಿಯುವುದಿಲ್ಲ ಎಂದು ಬೇಸರಪಟ್ಟುಕೊಂಡರು. ಅವರು ಬಿಡಲಿಲ್ಲ, ಧ್ವಜಕ್ಕೆ ಹೋದರು, ಸಾಲಿನಿಂದ ಸಾಕಷ್ಟು ಮುಂದೆ ನಡೆಯುತ್ತಾರೆ. ಅಲ್ಲಿಂದ ಮುಂದೆ ನಾವೆಲ್ಲ ಸ್ಪಂಜಿನ ಇಯರ್‌ಪ್ಲಗ್ ಹಾಕುತ್ತೇವೆ. ಕೆಲವೇ ರೂಪಾಯಿಯ ವಸ್ತು. ಹಾಕಿದ ಮೊದಲ ದಿನ ನೀರಿನೊಳಗೆ ಬಾರಿಸಿದಂತೆ ಇತ್ತು, ಮಜವೇ ಹೋಯಿತು ಅನ್ನಿಸಿತು. ನಾಲ್ಕೈದು ದಿನದಲ್ಲಿ ಗೊತ್ತಾಯಿತು, ಢೋಲಿನ ಪೆಟ್ಟು ಕಿವಿಯಿಂದಷ್ಟೇ ಬರುವುದಿಲ್ಲ, ಎದೆಗೂಡಿನಿಂದಲೂ ಬರುತ್ತದೆ. ಹುಡುಗರಿಗೂ ಹಾಕಿಕೊಳ್ಳಿ ಎಂದು ಹೇಳಿದೆವು. ನಗುತ್ತಾರೆ. ಈ ವರ್ಷ ತಾಲೀಮಿನ ಬಯಲಿಗೆ ಒಂದು ಡಬ್ಬಿ ತುಂಬ ತಂದಿಟ್ಟಿದ್ದೇವೆ, ಮೂವರು ಹುಡುಗಿಯರು ತೆಗೆದುಕೊಂಡಿದ್ದಾರೆ. ರಾತ್ರಿ ಹತ್ತಕ್ಕೆ ವಾದ್ಯ ನಿಲ್ಲಿಸಬೇಕೆಂಬ ನಿಯಮಕ್ಕೆ ಪಥಕದವರು ಗೊಣಗುತ್ತಾರೆ. ರಸ್ತೆಯ ಅಕ್ಕಪಕ್ಕದ ಮನೆಗಳಲ್ಲೂ ನಮ್ಮ ವಯಸ್ಸಿನವರೇ ಇದ್ದಾರೆ ಎಂದು ನೆನೆದರೆ ಗೊಣಗಲು ನನಗಂತೂ ಬಾಯಿ ಬರುವುದಿಲ್ಲ.

ಇಷ್ಟೆಲ್ಲ ಯಾಕೆ ಎಂದು ಮನೆಯಲ್ಲಿ ಕೇಳುತ್ತಾರೆ. ಕೊಯಲಿಯ ರಿಫೈನರಿ, ಐ.ಪಿ.ಸಿ.ಎಲ್., ಗೊಬ್ಬರದ ಕಾರ್ಖಾನೆ ಎಂದು ಬಂದ ನಮ್ಮ ಪೀಳಿಗೆ ಮೂವತ್ತು ವರ್ಷ ಈ ಊರಿನ ಮೆರವಣಿಗೆಯನ್ನು ಬಾಲ್ಕನಿಯಿಂದ ನೋಡಿದೆ. ನಮ್ಮ ಹಬ್ಬ ಎಂದರೆ ಹಾಲು ಬಾಡಿಗೆಗೆ ಹಿಡಿದು ಕನ್ನಡಿಗರಷ್ಟೇ ಸೇರಿ ಊಟ ಮಾಡುವುದಾಗಿತ್ತು. ರಸ್ತೆಗೆ ಇಳಿದು ಬಾರಿಸಿದ ಮೇಲೆ ತರಕಾರಿಯವನು, ಸೈಕಲ್ ರಿಪೇರಿಯವನು, ಎದುರು ಸೊಸೈಟಿಯ ಪಟೇಲರು ಎಲ್ಲರಿಗೂ ನನ್ನ ಮುಖ ಗೊತ್ತು. ನಿವೃತ್ತಿಯ ನಂತರ ಊರಿಗೆ ಹೋಗುವುದೋ ಇಲ್ಲೇ ಉಳಿಯುವುದೋ ಎಂದು ಪ್ರತಿ ಕನ್ನಡ ಮನೆಯಲ್ಲೂ ನಡೆಯುವ ಚರ್ಚೆಯಲ್ಲಿ ನಾನು ಈಗ ಸ್ವಲ್ಪ ಇತ್ತ ವಾಲಿದ್ದೇನೆ. ನನ್ನ ಹೆಂಡತಿ ಇನ್ನೂ ಅತ್ತ.

ಸೇರಬೇಕೆನ್ನುವವರು ವಿಸರ್ಜನೆಯ ವಾರ ಬರಬೇಡಿ, ಎರಡು ತಿಂಗಳು ಮೊದಲೇ ಬನ್ನಿ. ರಕ್ತದೊತ್ತಡ, ಕಿವಿ ಎರಡನ್ನೂ ಪರೀಕ್ಷೆ ಮಾಡಿಸಿಕೊಂಡು ಬನ್ನಿ. ಮೊದಲ ಹದಿನೈದು ದಿನ ಢೋಲನ್ನು ನೆಲದ ಮೇಲಿಟ್ಟೇ ಕಲಿಯಿರಿ, ಆಮೇಲೆ ಕಟ್ಟಿಕೊಂಡು ಹತ್ತು ನಿಮಿಷ, ಇಪ್ಪತ್ತು ನಿಮಿಷ. ನಮ್ಮ ತಂಡದಲ್ಲಿ ಈಗ ಐವತ್ತು ದಾಟಿದ ಇಬ್ಬರಿಗೆ ಒಂದೇ ಢೋಲು, ಚೌಕದಿಂದ ಚೌಕಕ್ಕೆ ಕೈ ಬದಲು. ಗೋರ್ವಾದ ದಶಾಮಾ ಕೃತಕ ಕೆರೆಯ ಹತ್ತಿರ ಕೊನೆಯ ಸರದಿ ಯಾರದು ಎಂಬುದಕ್ಕೆ ಮಾತ್ರ ಪ್ರತಿ ವರ್ಷ ಜಗಳ.