ಗಣಕಯಂತ್ರದ ದುರಸ್ತಿ: ಲಕ್ಷಣ ಒಂದೆಡೆ, ದೋಷ ಇನ್ನೊಂದೆಡೆ

ವ್ಯಾಪಾರ ಸಂಸ್ಥೆಗಳ ಲೆಕ್ಕಪತ್ರಗಳು ಖಾತೆ ಪುಸ್ತಕದಿಂದ ಗಣಕಯಂತ್ರಕ್ಕೆ ವರ್ಗಾವಣೆಗೊಂಡು ದಶಕಗಳೇ ಸಂದಿವೆ. ಯಂತ್ರ ಕೈಕೊಟ್ಟಾಗ ವೈರಸ್ ಬಂದಿದೆಯೆಂದೋ ಹಾರ್ಡ್ ಡಿಸ್ಕ್ ಕೆಟ್ಟಿದೆಯೆಂದೋ ತೀರ್ಮಾನಿಸಿ ವೆಚ್ಚಕ್ಕೆ ಮುಂದಾಗುವುದು ಸಾಮಾನ್ಯ. ಆದರೆ ಯಂತ್ರಾಂಶದ ಅನೇಕ ದೋಷಗಳು ತಾವಿರುವ ಸ್ಥಳದಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಬೆಳಿಗ್ಗೆ ಜಿಎಸ್‌ಟಿ ಪೋರ್ಟಲ್ ಆಗಲಿ ಬ್ಯಾಂಕಿನ ಜಾಲತಾಣವಾಗಲಿ ತೆರೆಯದೆ ಭದ್ರತೆಯ ಎಚ್ಚರಿಕೆ ಮೂಡಿದರೆ, ದೂರು ಹೋಗುವುದು ಅಂತರ್ಜಾಲ ಸಂಪರ್ಕ ಒದಗಿಸಿದವರಿಗೆ. ಮೊದಲು ನೋಡಬೇಕಾದುದು ಪರದೆಯ ಮೂಲೆಯ ದಿನಾಂಕವನ್ನು. ಅದು ಹಲವು ವರ್ಷ ಹಿಂದಕ್ಕೆ ಸರಿದಿದ್ದರೆ, ಜಾಲತಾಣದ ಭದ್ರತಾ ಪ್ರಮಾಣಪತ್ರ ಆ ದಿನಕ್ಕೆ ಊರ್ಜಿತವಲ್ಲವೆಂದು ಯಂತ್ರ ತಿರಸ್ಕರಿಸುತ್ತದೆ. ಮೇಜಿನ ಮೇಲಿನ ಗಣಕಯಂತ್ರಗಳಲ್ಲಿ ಇದಕ್ಕೆ ಸಾಮಾನ್ಯ ಕಾರಣ, ಮದರ್‌ಬೋರ್ಡಿನ ಮೇಲಿರುವ 3 ವೋಲ್ಟಿನ ಸಿಆರ್2032 ಎಂಬ ನಾಣ್ಯಾಕಾರದ ಸೆಲ್ ಶಕ್ತಿಗುಂದಿರುವುದು. ವಿದ್ಯುತ್ ಇಲ್ಲದಾಗ ಯಂತ್ರದ ಗಡಿಯಾರವನ್ನು ನಡೆಸುವುದು ಅದೇ.

ಇದು ಕೇವಲ ಅನನುಕೂಲದ ವಿಷಯವಲ್ಲ. 2023ರ ಏಪ್ರಿಲ್ 1ರಿಂದ ಆರಂಭವಾದ ಹಣಕಾಸು ವರ್ಷದಿಂದ, ಲೆಕ್ಕಕ್ಕೆ ತಂತ್ರಾಂಶ ಬಳಸುವ ಕಂಪನಿಗಳು ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕ ಸಹಿತ ದಾಖಲಿಸುವ ತಂತ್ರಾಂಶವನ್ನೇ ಬಳಸಬೇಕು. ಯಂತ್ರದ ಗಡಿಯಾರವನ್ನೇ ಆಧರಿಸಿದ ತಂತ್ರಾಂಶವಾದರೆ, ತಪ್ಪು ದಿನಾಂಕದಿಂದ ಆ ದಾಖಲೆಯೇ ಪ್ರಶ್ನಾರ್ಹವಾಗುತ್ತದೆ.

ಹಾರ್ಡ್ ಡಿಸ್ಕಿನ ವಿಷಯವೂ ಹೀಗೆಯೇ. ಅದರ ‘ಸ್ಮಾರ್ಟ್’ ವರದಿಯಲ್ಲಿ ಸಿಆರ್‌ಸಿ ದೋಷಗಳ ಸಂಖ್ಯೆ ಮಾತ್ರ ಏರುತ್ತಿದ್ದರೆ, ಮೊದಲು ಸಂದೇಹಿಸಬೇಕಾದುದು ಡಿಸ್ಕನ್ನಲ್ಲ, ಅದಕ್ಕೆ ಜೋಡಿಸಿದ ಸಾಟಾ ಕೇಬಲನ್ನು. ಬದಲಿ ಸೆಕ್ಟರುಗಳ ಸಂಖ್ಯೆ ಏರುತ್ತಿದ್ದರೆ ಡಿಸ್ಕೇ ಹಾಳಾಗುತ್ತಿದೆಯೆಂದು ತಿಳಿಯಬೇಕು. ಲೆಕ್ಕದ ಕಡತಗಳು ಪದೇ ಪದೇ ಕೆಡುತ್ತಿದ್ದರೆ ತಂತ್ರಾಂಶವನ್ನು ದೂರುವ ಮುನ್ನ, ವಿಂಡೋಸ್‌ನಲ್ಲಿಯೇ ಇರುವ ಮೆಮೊರಿ ಪರೀಕ್ಷೆಯಿಂದ ರ‍್ಯಾಮ್ ಸುಸ್ಥಿತಿಯಲ್ಲಿದೆಯೇ ಎಂದು ನೋಡುವುದು ಲೇಸು. ಸ್ವಲ್ಪ ಹೊತ್ತು ದುಡಿದು ತಾನಾಗಿ ಆರಿಹೋಗುವ ಯಂತ್ರದಲ್ಲಿ ಫ್ಯಾನಿಗೆ ಕಟ್ಟಿದ ಧೂಳು ಮತ್ತು ವಿದ್ಯುತ್ ಪೂರೈಸುವ ಘಟಕ, ಇವೆರಡನ್ನೂ ವೈರಸ್‌ಗಿಂತ ಮೊದಲು ಪರಿಶೀಲಿಸಬೇಕು.

ಕ್ರಮವಾದ ಶೋಧನೆಗೆ ಕೆಲವು ಸೂತ್ರಗಳು ಸಾಕು. ಯಂತ್ರಕ್ಕೆ ಕೈಹಾಕುವ ಮುನ್ನ ಲೆಕ್ಕದ ದತ್ತಾಂಶದ ಪ್ರತಿಯನ್ನು ಬೇರೆಡೆ ತೆಗೆದಿರಿಸಬೇಕು. ಹಳೆಯ ಪ್ರತಿಯ ಮೇಲೆಯೇ ಹೊಸದನ್ನು ಬರೆಯಬಾರದು. ಕೆಟ್ಟ ಕಡತ ಒಳ್ಳೆಯ ಕಡತವನ್ನು ಅಳಿಸಿಹಾಕೀತು. ಅಗ್ಗದ ಭಾಗವನ್ನು ಮೊದಲು ಪರೀಕ್ಷಿಸಬೇಕು. ಒಂದು ಬಾರಿಗೆ ಒಂದನ್ನೇ ಬದಲಿಸಿ ಫಲಿತಾಂಶವನ್ನು ಬರೆದಿಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತೆಂಬುದು ತಿಳಿಯದೆ, ಒಳ್ಳೆಯ ಭಾಗಕ್ಕೂ ಹಣ ತೆತ್ತಂತಾಗುತ್ತದೆ.

ತಾಳೆಪಟ್ಟಿ ಕೂಡದಿದ್ದಾಗ ಯಾವ ಗುಮಾಸ್ತನೂ ಇಡೀ ಖಾತೆಪುಸ್ತಕವನ್ನು ಎಸೆಯುವುದಿಲ್ಲ. ನಮೂದುಗಳನ್ನು ಒಂದೊಂದಾಗಿ ಪರಿಶೀಲಿಸುತ್ತಾನೆ. ಗಣಕಯಂತ್ರದ ವಿಷಯದಲ್ಲಿಯೂ ವ್ಯಾಪಾರಸ್ಥರು ಅದೇ ತಾಳ್ಮೆಯನ್ನು ತೋರುವುದು ಲಾಭಕರ.