ಕರುಳಿನೊಳಗಣ ಪೈಪೋಟಿ

2018ರ ಆಗಸ್ಟ್‌ನಲ್ಲಿ ಕೊಡಗಿನ ಮಾದಾಪುರದ ಸುತ್ತಣ ಗುಡ್ಡಗಳು ಮಳೆಗೆ ಕುಸಿದವು. ಇಂತಹ ವಿಪತ್ತಿನಲ್ಲಿ ಕುಡಿಯುವ ನೀರಿಗೆ ಕೊಳೆ ಬೆರೆತು, ರೋಗಾಣುಗಳು ಹೊಟ್ಟೆಯನ್ನು ಸೇರುವ ಭಯವುಂಟು.

ಸೇರಿದ ಮಾತ್ರಕ್ಕೆ ರೋಗ ಬರುವುದಿಲ್ಲ. ಕರುಳು ಸದಾ ತನ್ನೊಳಗಿನದನ್ನು ಮುಂದಕ್ಕೆ ತಳ್ಳುತ್ತಿರುತ್ತದೆ. ಅದರ ಗೋಡೆಯನ್ನು ಲೋಳೆಯ ಪದರವು ಕಾಯುತ್ತದೆ. ಅಂಟಿಕೊಳ್ಳಲಾರದ ಬ್ಯಾಕ್ಟೀರಿಯಗಳು ಮಲದೊಡನೆ ಹೊರಬೀಳುತ್ತವೆ. ಆದರೆ ಭೇದಿಯನ್ನುಂಟುಮಾಡುವ ಕೆಲವು ಬಗೆಯ ಈ. ಕೋಲೈಗಳ ಮೈಮೇಲೆ ಕೂದಲಿನಂತಹ ಎಳೆಗಳಿವೆ. ಬೀಗಕ್ಕೆ ಕೀಲಿ ಹೊಂದುವಂತೆ ಆ ಎಳೆಗಳು ಕರುಳಿನ ಜೀವಕೋಶಗಳಿಗೆ ಹೊಂದಿ ಕಚ್ಚಿಕೊಳ್ಳುತ್ತವೆ. ಬಳಿಕ ಅವು ಸ್ರವಿಸುವ ನಂಜಿನಿಂದ ದೇಹದ ನೀರೂ ಲವಣವೂ ಕರುಳಿಗೆ ಸೋರಿಹೋಗುತ್ತವೆ.

ಉಪಕಾರಿಗಳಾದ ಲ್ಯಾಕ್ಟೋಬ್ಯಾಸಿಲಸ್‌ಗಳಲ್ಲಿಯೂ ಕೆಲವು ಲೋಳೆಗೆ ಅಂಟಬಲ್ಲವು. ಅವು ಜಾಗವನ್ನು ಹಿಡಿದು, ಆಮ್ಲವನ್ನು ಸ್ರವಿಸಿ, ರೋಗಾಣುಗಳನ್ನು ತಡೆಯಲು ನೆರವಾಗಬಲ್ಲವು. ಆದರೂ ಈ ಮಿತ್ರರನ್ನೇ ನೆಚ್ಚಿ ಕೊಳೆನೀರನ್ನು ಕುಡಿಯಲಾಗದು. ಕುದಿಸಿ ಆರಿಸಿದ ನೀರೇ ಮೊದಲ ರಕ್ಷೆ.