ತೊಗರಿಗೆ ಜೋಳ ಜೊತೆಯಾದರೆ ಸಾಕಾ?

ಶಹಾಪುರ, ಸುರಪುರ ಕಡೆಯಿಂದ ಬೆಂಗಳೂರಿಗೆ ಬಂದು ಲ್ಯಾಪ್‌ಟಾಪ್ ಮುಂದೆ ಕೂತ ನಮ್ಮಂಥವರಿಗೆ ನವೆಂಬರ್‌ನಲ್ಲಿ ಊರಿಂದ ಈ ಫೋನ್ ಗ್ಯಾರಂಟಿ: "ತೊಗರಿಗೆ ಕೀಡಿ ಬಿದ್ದಾವ, ಎಣ್ಣಿ ಹೊಡಿಬೇಕು, ರೊಕ್ಕ ಹಾಕು." ನಾವು ರೊಕ್ಕ ಹಾಕಿ, ಜೊತೆಗೊಂದು ಸಲಹೆನೂ ಕೊಡ್ತೀವಿ: "ಅಕ್ಕಡಿ ಬೆಳೆ ಹಾಕ್ರಿ, ಹುಳ ಬರಲ್ಲ."

ಇದು ಅರ್ಧ ಮಾತ್ರ ನಿಜ.

ತೊಗರಿಯ ಕಾಯಿಕೊರಕ ತೊಗರಿಯೊಂದನ್ನೇ ತಿನ್ನೋದಿಲ್ಲ. ಜೋಳ, ಹತ್ತಿ, ಕಡಲೆ ಎಲ್ಲಾ ಅದಕ್ಕೆ ಊಟವೇ. ಜೋಳದ ತೆನೆಯಲ್ಲಿ ಇದರ ಮೊಟ್ಟೆಗಳನ್ನು ಟ್ರೈಕೋಗ್ರಾಮ ಎಂಬ ಸಾಸಿವೆಗಿಂತ ಸಣ್ಣ ಕಣಜ ಹಾಳು ಮಾಡುತ್ತೆ. ಆದರೆ ತೊಗರಿಯ ಕಾಯಿ ಮೇಲೆ ಅಂಟಂಟಾದ ರೋಮ ಇರೋದರಿಂದ ಕಣಜಕ್ಕೆ ಅಲ್ಲಿ ಕೆಲಸ ಮಾಡೋಕಾಗಲ್ಲ. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್‌ನ ವಿಜ್ಞಾನಿಗಳು ಇದನ್ನು ಹೊಲದಲ್ಲೇ ಕಂಡುಕೊಂಡರು. ಮೇಲಾಗಿ ಮಿರಗ ಮಳಿಗೆ ಬಿತ್ತಿದ ಜೋಳ ಸುಮಾರು 70 ದಿನಕ್ಕೆ ಹೂ ಬಿಟ್ಟರೆ, ತೊಗರಿಗೆ ಹೆಚ್ಚುಕಮ್ಮಿ ನಾಲ್ಕು ತಿಂಗಳು ಬೇಕು. ತೊಗರಿ ಹೂ ಬಿಡೋ ಹೊತ್ತಿಗೆ ಜೋಳದ ಸೆಕ್ಯುರಿಟಿ ಶಿಫ್ಟ್ ಮುಗಿಸಿ ಮನೆಗೆ ಹೋಗಿರುತ್ತಾನೆ!

ಹಾಗಂತ ಜೋಳ ಬಿಡಬೇಕಿಲ್ಲ. ಅದು ಜೊತೆಗಿದ್ದರೆ ತೊಗರಿಯ ನೆಟೆ ರೋಗ ಕಡಿಮೆ. ಅಲ್ಲಲ್ಲಿ ನಿಂತ ಜೋಳದ ದಂಟಿನ ಮೇಲೆ ಕಾಜಾಣ ಬಂದು ಕೂತು ಹುಳ ಹೆಕ್ಕುತ್ತೆ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಉಳಿಯುತ್ತೆ. ಗಿಡ ಅಲ್ಲಾಡಿಸಿ, ಕೆಳಗೆ ಹಾಸಿದ ಹಾಳೆ ಮೇಲೆ ಹುಳ ಉದುರಿಸೋ ಹಳೇ ಪದ್ಧತಿನೂ ಇವತ್ತಿಗೂ ಚಲೋ ಕೆಲಸ ಮಾಡುತ್ತೆ.

ಹತ್ತಿಯ ಕಥೆ ಬೇರೆ. ಅಲಸಂದಿ ಸಾಲು ಹಾಕಿದರೆ ಅದರ ಹೇನು ತಿನ್ನೋಕೆ ಗುಲಗಂಜಿ ಹುಳ ಬರುತ್ತೆ, ಆಮೇಲೆ ಹತ್ತಿಯ ಹೇನನ್ನೂ ತಿನ್ನುತ್ತೆ. ಆದರೆ ಗುಲಾಬಿ ಕಾಯಿಕೊರಕದ ಮರಿ ಮೊಟ್ಟೆಯೊಡೆದ ಸ್ವಲ್ಪ ಹೊತ್ತಿಗೇ ಕಾಯೊಳಗೆ ನುಗ್ಗಿಬಿಡುತ್ತೆ. ಅಲ್ಲಿಗೆ ಗುಲಗಂಜಿಯೂ ಮುಟ್ಟಲ್ಲ, ಎಣ್ಣಿಯೂ ಮುಟ್ಟಲ್ಲ. ಇದರ ಮುಖ್ಯ ಊಟ ಹತ್ತಿಯೇ. ಹೊಲದಲ್ಲಿ ಕೆಲ ತಿಂಗಳು ಹತ್ತಿಯೇ ಇಲ್ಲದಿದ್ದರೆ ಅದರ ಸರಪಳಿ ಕಡಿಯುತ್ತೆ. ನಾರಾಯಣಪುರದ ಕಾಲುವೆ ನೀರು ಸಿಗೋ ಕಡೆ ಕೆಲವರು ಮಳೆಗೆ ಮೊದಲೇ ಬಿತ್ತಿ, ಇನ್ನೊಂದು ಸಲ ಬಿಡಿಸಿಕೊಳ್ಳೋ ಆಸೆಗೆ ಫೆಬ್ರವರಿ ತನಕ ಗಿಡ ಉಳಿಸ್ತಾರೆ. ಆ ರೊಕ್ಕದ ಆಸೆ ನನಗೂ ಅರ್ಥ ಆಗುತ್ತೆ. ಆದರೆ ಆ ಕಾಯಲ್ಲಿ ಮಲಗಿದ ಹುಳ ಮುಂದಿನ ಸಲ ಪಕ್ಕದ ಹೊಲಕ್ಕೂ ಹೋಗುತ್ತೆ. ಊರವರೆಲ್ಲ ಒಂದೇ ಹೊತ್ತಿಗೆ ಬಿತ್ತಿ, ಡಿಸೆಂಬರ್-ಜನವರಿಗೆ ಕಟ್ಟಿಗೆ ಕಿತ್ತರೆ ಮಾತ್ರ ಪ್ರಯೋಜನ.

ಮುಂದಿನ ಸಲ ಹತ್ತಿಗೆ ಎಣ್ಣಿ ಅಂತ ಫೋನ್ ಬಂದಾಗ, ರೊಕ್ಕ ಹಾಕೋ ಮುಂಚೆ ಒಂದು ಪ್ರಶ್ನೆ ಕೇಳಿ: "ಕಾಕಾ, ಮೋಹಕ ಬಲಿಗೆ ಎಷ್ಟು ಪತಂಗ ಬಿದ್ದಾವ?" ಒಂದು ಬಲೆಗೆ ರಾತ್ರಿಗೆ 8ರಂತೆ, ಸತತ 3 ರಾತ್ರಿ ಬಿದ್ದರೆ ಗುಲಾಬಿ ಹುಳಕ್ಕೆ ಎಣ್ಣಿ ಹೊಡೆಯೋ ಹೊತ್ತು.